ಸಾರ್ವಜನಿಕ ಜಾಗದ ಪಾರ್ಥೇನಿಯಂ: ಕೀಳುವ ಕಾಲವೇ ಮುಖ್ಯ

ಮೈಸೂರಿನಲ್ಲಿ ರಸ್ತೆ ಬದಿಯ ಕಳೆ ತೆಗೆಯುವ ಕೆಲಸಕ್ಕೆ ಚುರುಕು ಬರುವುದು ದಸರಾ ಸಮೀಪಿಸಿದಾಗ. ಅಷ್ಟರಲ್ಲಿ ಪಾರ್ಥೇನಿಯಂ, ಅಂದರೆ ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಸೊಂಟದೆತ್ತರ ಬೆಳೆದು ಬಿಳಿ ಹೂ ತುಂಬಿಕೊಂಡು ಬೀಜ ಉದುರಿಸತೊಡಗಿರುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಬಿಡುವುದರಿಂದ, ಆ ಹಂತದಲ್ಲಿ ಯಂತ್ರದಿಂದ ಸವರಿದರೆ ಜಾಗ ಹಬ್ಬದ ಮಟ್ಟಿಗೆ ಚೊಕ್ಕಟವಾಗಿ ಕಾಣುತ್ತದೆ, ಮುಂದಿನ ವರ್ಷದ ಬಿತ್ತನೆಯನ್ನೂ ನಾವೇ ಮುಗಿಸಿದಂತಾಗುತ್ತದೆ.

ಉದ್ಯಾನಗಳು, ಮಳೆನೀರು ಚರಂಡಿಯ ಅಂಚು ಮತ್ತು ಒಂದು ಸ್ಮಶಾನದ ಸ್ವಚ್ಛತೆಯ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಮೊದಲು ಬದಲಿಸಿದ್ದು ಕೆಲಸದ ಕಾಲವನ್ನು. ಏಪ್ರಿಲ್, ಮೇ ತಿಂಗಳ ಮಳೆ ಬಿದ್ದೊಡನೆ ಮೊಳೆಯುವ ಈ ಗಿಡ ಸುಮಾರು ನಾಲ್ಕರಿಂದ ಆರು ವಾರಗಳಲ್ಲಿ ಹೂವಿಗೆ ಬರುತ್ತದೆ. ನಮಗಿರುವ ಅವಕಾಶ ಅಷ್ಟೇ. ನೆಲ ಹಸಿಯಾಗಿದ್ದಾಗ ಬುಡ ಹಿಡಿದು ಎಳೆದರೆ ತಾಯಿಬೇರು ಸಮೇತ ಬರುತ್ತದೆ, ಒಣಗಿದ ನೆಲದಲ್ಲಾದರೆ ಕಾಂಡ ಕೈಗೆ ಬಂದು ಬುಡ ಉಳಿದು ಮತ್ತೆ ಚಿಗುರುತ್ತದೆ. ಹಾಗಾಗಿ ಮಳೆ ಬಂದ ಮರುದಿನ ಬೆಳಿಗ್ಗೆ ಬೇರೆ ಕೆಲಸ ಬದಿಗಿಟ್ಟು ಕೀಳಿಸುತ್ತಿದ್ದೆ. ಹೂ ಬಿಡದ ಗಿಡಗಳು ಗೊಬ್ಬರದ ಗುಂಡಿಗೆ ಹೋಗುತ್ತಿದ್ದವು. ಹೂ ಕಂಡದ್ದನ್ನು ಮಾತ್ರ ಅದಕ್ಕೆ ಸೇರಿಸುತ್ತಿರಲಿಲ್ಲ.

ಗುತ್ತಿಗೆಯಲ್ಲಿ ಕತ್ತರಿಸಿದ ಜಾಗದ ಅಳತೆಗೆ ಹಣ ನಿಗದಿಯಾಗಿದ್ದರಿಂದ ಬೇರಿನ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮೂರು ವಾರ ಬಿಟ್ಟು ಅದೇ ಜಾಗವನ್ನು ಮತ್ತೆ ನೋಡಿ, ಬುಡ ಚಿಗುರಿಲ್ಲವೆಂದು ಖಚಿತವಾದ ಮೇಲೆಯೇ ಬಿಲ್ಲಿಗೆ ಸಹಿ ಹಾಕುವುದೆಂದು ಷರತ್ತು ಸೇರಿಸಿದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಗುತ್ತಿಗೆದಾರರು ಗೊಣಗಿದರು, ಅದು ಸಹಜವೇ.

ಈ ಗಿಡ ಚರ್ಮಕ್ಕೆ ತುರಿಕೆ, ಉಸಿರಾಟಕ್ಕೆ ತೊಂದರೆ ತರುತ್ತದೆ. "ಸಾರ್, ಮುಟ್ಟಿದ್ರೆ ರಾತ್ರಿಯೆಲ್ಲ ಕೆರ್ಕೊಂಡು ಕೂರ್ಬೇಕು" ಎಂದು ಪೌರಕಾರ್ಮಿಕ ಮಹಿಳೆಯೊಬ್ಬರು ಮೊಣಕೈ ತೋರಿಸಿದ್ದರು. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಬಾರದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು.

ಸ್ಮಶಾನದ ಹಿಂಭಾಗದ ಗಿಡಗಳನ್ನು ಮಾತ್ರ ಬೇಕೆಂದೇ ಬಿಟ್ಟೆವು, ಏಕೆಂದರೆ ಅಲ್ಲಿ ಮೆಕ್ಸಿಕನ್ ದುಂಬಿ ನೆಲೆಯೂರಿತ್ತು. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ಕೀಟದ ಮರಿಗಳು ತುದಿಯ ಎಳೆ ಚಿಗುರನ್ನೇ ತಿನ್ನುವುದರಿಂದ ಗಿಡ ಹೂವಿಗೆ ಬರುವುದು ಕಷ್ಟ. ದುಂಬಿಯ ಹಾವಳಿ ಮಳೆಗಾಲಕ್ಕೆ ಸೀಮಿತ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಸೇರಿಬಿಡುತ್ತದೆ. ಅಂಥ ಜಾಗಕ್ಕೆ ಔಷಧಿ ಹೊಡೆಯಲು ನಾನು ಒಪ್ಪಲಿಲ್ಲ.

ಕಿತ್ತ ನೆಲ ಬರಿದಾಗಿದ್ದರೆ ಕಳೆ ಮತ್ತೆ ಬರುತ್ತದೆಂದು ಬೇಸಿಗೆಯ ಕೊನೆಯಲ್ಲಿ ತಗಚೆ ಬೀಜ ಎರಚಿಸಿದೆ. ಅದು ದಟ್ಟವಾಗಿ ಎದ್ದ ಕಡೆ ಪಾರ್ಥೇನಿಯಂ ತೆಳುವಾಯಿತು. ಆದರೆ ಕಟ್ಟಡದ ಮಣ್ಣು ತಂದು ರಾತ್ರೋರಾತ್ರಿ ಸುರಿಯುವ ಟ್ರ್ಯಾಕ್ಟರುಗಳು ಹೊಸ ಬೀಜವನ್ನೂ ತರುತ್ತವೆ. ಹಾಗೆ ರಾಶಿ ಬಿದ್ದ ಜಾಗಗಳನ್ನು ಗುರುತು ಹಾಕಿಟ್ಟು, ಮೊದಲ ಮಳೆಯ ನಂತರ ಅಲ್ಲಿಂದಲೇ ಕೀಳಲು ಆರಂಭಿಸುತ್ತೇವೆ.