ಕೊಡಗಿನ ಮನೆಯಂಗಳದಲ್ಲಿ ಚಿಕ್ಕ ಮಕ್ಕಳಿಗೆ ಸಾಕುಪ್ರಾಣಿಗಳ ಪರಿಚಯ

ನಾಲ್ಕೈದು ವರ್ಷದ ಮಗುವಿಗೆ ಹತ್ತು ಪ್ರಾಣಿಗಳ ಚಿತ್ರ ತೋರಿಸಿ ಹೆಸರು ಹೇಳಿಸುವುದಕ್ಕಿಂತ, ಒಂದೇ ಪ್ರಾಣಿಯನ್ನು ಹಲವು ದಿನ ನೋಡಲು ಬಿಡುವುದು ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ. ಕೊಡಗಿನ ತೋಟದ ಮನೆಗಳಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಸ್ವಂತ ಕೊಟ್ಟಿಗೆಯಿಲ್ಲದವರು ನೆರೆಮನೆಯವರನ್ನು ಕೇಳಿಕೊಳ್ಳಬಹುದು.

ಕೋಳಿಯಿಂದ ಆರಂಭಿಸಿ. ಹೇಂಟೆ ಕಾವು ಕೂತ ದಿನದಿಂದ ಸುಮಾರು 21 ದಿನಕ್ಕೆ ಮರಿ ಹೊರಬರುತ್ತದೆ, ಮತ್ತು ಇಷ್ಟು ದಿನ ಕಾಯುವ ತಾಳ್ಮೆ ಚಿಕ್ಕ ಮಗುವಿಗೂ ಇರುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಮರಿಗಳು ಉಳಿಯುವುದು ಕಷ್ಟವಾದ್ದರಿಂದ, ನಮ್ಮ ಸುಗ್ಗಿ ಹಬ್ಬವಾದ ಪುತ್ತರಿ ಕಳೆದು ಹೊಸ ಹುಲ್ಲು ಮನೆಗೆ ಬಂದ ಮೇಲೆ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸುವುದು ಉತ್ತಮ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆಯನ್ನು ಮಗುವಿನಿಂದಲೇ ಎಳೆಸಿ. ಏಳೆಂಟನೆಯ ದಿನ ರಾತ್ರಿ, ದೀಪ ಆರಿಸಿ, ನೀವೇ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ, ಒಳಗೆ ಜೇಡನ ಬಲೆಯಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ. ಅದನ್ನು ಒಮ್ಮೆ ಕಂಡ ಮಗು ಮೊಟ್ಟೆಯನ್ನು ತಾನಾಗಿಯೇ ಮೆಲ್ಲಗೆ ಮುಟ್ಟುತ್ತದೆ. ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಡಿ.

ಹಸುವಿನ ವಿಷಯದಲ್ಲಿ ಹಾಲಿಗಿಂತ ಮೊದಲು ಬಾಯಿಯನ್ನು ತೋರಿಸಿ. ಅದಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು, ಅರೆಬರೆ ನುಂಗಿ, ಮಲಗಿದಾಗ ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ನುಂಗಿದ ಮೇವಿನ ಉಂಡೆ ಗಂಟಲಿನಲ್ಲಿ ಮೇಲೇರುವುದು ಹೊರಗಿನಿಂದಲೇ ಕಾಣುವುದರಿಂದ, ಮಧ್ಯಾಹ್ನ ಸುಮ್ಮನೆ ಕುಳಿತು ನೋಡಲು ಸಮಯ ಕೊಡಿ. ಕರು ಹುಟ್ಟಿದ ಮನೆಯಾದರೆ, ಗಿಣ್ಣುಹಾಲು ಮೊದಲು ಕರುವಿಗೆ ಏಕೆ ಬೇಕೆಂಬುದನ್ನೂ ಹೇಳಬಹುದು: ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಆ ಹಾಲಿನಿಂದಲೇ ಬರುತ್ತದೆ. ಹಸುವಿಗೆ ನೇರ ಬೆನ್ನ ಹಿಂದಿರುವುದು ಕಾಣಿಸುವುದಿಲ್ಲ. ಆದ್ದರಿಂದ ಮಗು ಯಾವಾಗಲೂ ಮುಂದಿನಿಂದ, ಮಾತನಾಡಿಸುತ್ತಾ, ದೊಡ್ಡವರ ಕೈಹಿಡಿದೇ ಹತ್ತಿರ ಹೋಗಬೇಕು. ಕರುವಿನ ಬಳಿ ತಾಯಿ ಹಸು ಹಾಯಬಹುದು. ಕೊಟ್ಟಿಗೆಯಿಂದ ಬಂದೊಡನೆ ಸೋಪು ಹಾಕಿ ಕೈ ತೊಳೆಸುವುದನ್ನು ಒಂದು ದಿನವೂ ಬಿಡಬೇಡಿ.

ಆಡನ್ನು ಸೊಪ್ಪು ತಿನ್ನಿಸುವುದರಲ್ಲೇ ಪರಿಚಯಿಸಿದರೆ ಸಾಕು.

ಹಂದಿ ಕೊಳಕು ಪ್ರಾಣಿ ಎಂದು ಮಾತ್ರ ಕಲಿಸಬೇಡಿ. ಅದಕ್ಕೆ ಬೆವರಿ ಮೈ ತಣಿಸಿಕೊಳ್ಳಲು ಆಗದ ಕಾರಣ ಕೆಸರಿನಲ್ಲಿ ಹೊರಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪ್ರತಿಯೊಂದು ಮರಿಯೂ ತನ್ನದೇ ಮೊಲೆಯನ್ನು ಗುರುತಿಸಿಕೊಳ್ಳುವುದನ್ನು ದೂರದಿಂದ ತೋರಿಸಿ. ಹಂದಿ ಮಾಂಸ ಹಬ್ಬದ ಅಡುಗೆಯಾಗಿರುವ ನಮ್ಮಲ್ಲಿ, ಈ ಮರಿಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ. ಆಗ ಮಾತು ಮರೆಸದೆ, ಚಿಕ್ಕ ವಾಕ್ಯಗಳಲ್ಲಿ, ನಿಜವನ್ನೇ ಹೇಳಿ. ಅಂದು ಆ ಸಾರು ಬೇಡವೆಂದರೆ ಒತ್ತಾಯಿಸದೆ ಬೇರೇನಾದರೂ ಬಡಿಸಿ.