ಕರಿ ಈಶಾಡಿಗೆ ಮಜ್ಜಿಗೆಹುಲ್ಲಿನ ಎಣ್ಣೆ

ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಹಣ್ಣು ಎಂಬ ಅಧಿಕೃತ ಗುರುತು, ಬಂತು. ಹೆಸರು ದೊಡ್ಡದಾಯಿತು, ಸಿಪ್ಪೆ ಮಾತ್ರ ಮೊದಲಿನಷ್ಟೇ ತೆಳು. ಮೇ ಕೊನೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಅಡೆ ಹಾಕಿದ ಹಣ್ಣಿನ ಮೈತುಂಬ ಕಪ್ಪು ಚುಕ್ಕೆ. ಇದು ಶಿಲೀಂಧ್ರದಿಂದ ಬರುವ ಚಿಬ್ಬು ರೋಗ. ಇನ್ನು ಕೆಲವು ತೊಟ್ಟಿನ ಬುಡದಿಂದಲೇ ಮೆತ್ತಗಾಗಿ ನೀರೊಡೆಯುತ್ತವೆ.

ಔಷಧಿಯಲ್ಲಿ ಅದ್ದಿದ ಹಣ್ಣನ್ನು ಮಕ್ಕಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಹಾಗಾಗಿ ಲವಂಗದೆಣ್ಣೆ ತಂದೆ. ಅದರಲ್ಲಿರುವ ಯುಜಿನಾಲ್ ಎಂಬ ಅಂಶ ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಹಾಳುಮಾಡುತ್ತದೆ ಎಂದು ಓದಿದ್ದೆ. ಲೀಟರ್ ನೀರಿಗೆ 10 ಮಿಲಿ ಸುರಿದು ಕೋಲಿನಿಂದ ಕಲಕಿ ಹಣ್ಣು ಮುಳುಗಿಸಿದೆ. ಲವಂಗದೆಣ್ಣೆ ನೀರಿಗಿಂತ ಭಾರ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಎಣ್ಣೆ ಬಕೆಟ್‌ನ ತಳಕ್ಕಿಳಿದು ಕೂತಿತು. ತಳದ ಹಣ್ಣುಗಳ ಸಿಪ್ಪೆ ಸುಟ್ಟು ಕಂದಾಯಿತು, ಮೇಲಿನವು ಎಂದಿನಂತೆ ಕೊಳೆತವು. ಹೆದ್ದಾರಿ ಬದಿಯಲ್ಲಿ ನಮ್ಮ ಹಣ್ಣು ಮಾರುವ ಹೆಂಗಸು ಬುಟ್ಟಿ ಮೂಸಿ ನೋಡಿ, “ಇದೆಂಥದ್ರಾ, ಹಣ್ಣಿಗೂ ಹಲ್ಲುನೋವು ಬಂತಾ?” ಅಂದಳು.

ಮರುವರ್ಷ ಅದ್ದುವುದನ್ನೇ ಬಿಟ್ಟು ಆವಿಗೆ ಬಂದೆ. ಈ ಸಲ ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ. ಅದರ ಪರಿಮಳದ ಅಂಶವಾದ ಸಿಟ್ರಾಲ್ ತಾನಾಗಿಯೇ ಹಾರಿ ಪೆಟ್ಟಿಗೆಯೆಲ್ಲ ತುಂಬುತ್ತದೆ, ಹಣ್ಣಿಗೆ ಎಣ್ಣೆ ತಾಗುವ ಪ್ರಶ್ನೆಯೇ ಇಲ್ಲ. ಆದರೂ ಅರ್ಧಕ್ಕರ್ಧ ಹಣ್ಣಿಗೆ ಚುಕ್ಕೆ ಬಂತು. ಕಾರಣ ಹುಡುಕುತ್ತ ಹೋದಾಗ ಗೊತ್ತಾಯಿತು: ಚಿಬ್ಬು ರೋಗದ ಶಿಲೀಂಧ್ರ ಹೂವು, ಎಳೆಗಾಯಿ ಇರುವಾಗಲೇ ಹೊಕ್ಕು ಸಿಪ್ಪೆಯಡಿ ಸುಮ್ಮನೆ ಮಲಗಿರುತ್ತದೆ. ಕಾಯಿಯ ಸಿಪ್ಪೆಯಲ್ಲಿ ಅದನ್ನು ತಡೆಯುವ ವಸ್ತುಗಳಿವೆ. ಹಣ್ಣಾಗುತ್ತ ಅವು ಕಡಿಮೆಯಾದಾಗ ಎದ್ದು ಕೂರುತ್ತದೆ. ಮೇಲೆ ಕೂತದ್ದಕ್ಕೆ ಎಣ್ಣೆ ಸರಿ, ಒಳಗಿನದಕ್ಕೆ ಬಿಸಿಯೇ ಬೇಕು.

ಈಗ ಒಂದಿಂಚು ತೊಟ್ಟು ಬಿಟ್ಟೇ ಕೊಯ್ಯುತ್ತೇನೆ. ತೊಟ್ಟು ಮುರಿದರೆ ಸೊನೆ ಸುರಿದು ಸಿಪ್ಪೆ ಸುಡುತ್ತದೆ, ಆ ಗಾಯದಿಂದ ಕೊಳೆ ಇಳಿಯುತ್ತದೆ. ಬಚ್ಚಲ ಹಂಡೆಯ ನೀರನ್ನು ಥರ್ಮಾಮೀಟರ್ ಇಟ್ಟು 52 ಡಿಗ್ರಿಗೆ ತಂದು ಹಣ್ಣನ್ನು 10 ನಿಮಿಷ ಮುಳುಗಿಸುವುದು. ಬೆಂಕಿ ಹಿಂದೆ ಮುಂದೆ ಮಾಡುತ್ತ ಅಲ್ಲೇ ನಿಲ್ಲಬೇಕು, ಫೋನ್ ಬಂದರೂ ಹೋಗುವ ಹಾಗಿಲ್ಲ. ಆಮೇಲೆ ತಣ್ಣೀರು, ಫ್ಯಾನಿನಡಿ ಚಾಪೆ. ಪೂರ್ತಿ ಒಣಗಿದ ಮೇಲೆ 20 ಲೀಟರಿನ ಡಬ್ಬದಲ್ಲಿಟ್ಟು, ಬಾಟಲಿ ಮುಚ್ಚಳದಲ್ಲಿ ಹತ್ತಿ, ಹತ್ತಿಗೆ 10 ಹನಿ ಎಣ್ಣೆ. ಒಂದು ರಾತ್ರಿ ಮುಚ್ಚಿ, ಬೆಳಿಗ್ಗೆ ಹುಲ್ಲಿನ ಮೇಲೆ ಗಾಳಿಗೆ ಹರಡುತ್ತೇನೆ. ಎರಡು ರಾತ್ರಿ ಮುಚ್ಚಿಟ್ಟ ಒಂದು ಸಲ ಕಾರವಾರದ ಗಿರಾಕಿಯೊಬ್ಬರು “ಹಣ್ಣು ಸಾಬೂನು ವಾಸನೆ” ಅಂತ ವಾಪಸ್ ಕಳಿಸಿದ್ದರು. ಈಶಾಡಿನ ಪರಿಮಳಕ್ಕೇ ಜನ ದುಡ್ಡು ಕೊಡುವುದು.

ಎಣ್ಣೆ ಕೊಂಡಾಗ ಒಂದು ಹನಿ ಕಾಗದದ ಮೇಲೆ ಬಿಟ್ಟು ನೋಡಿ. ಮರುದಿನವೂ ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆಂದೇ ಲೆಕ್ಕ. ನನ್ನ ಮೊದಲ ಬಾಟಲಿಯ ಕಲೆ ಇನ್ನೂ ಕ್ಯಾಲೆಂಡರಿನ ಮೇಲಿದೆ.