ಸಣ್ಣ ಕಾಲೇಜಿನ ಫುಟ್‌ಬಾಲ್ ಕೋಚ್ ಆಗುವ ದಾರಿ

ಅಮೆರಿಕನ್ ಫುಟ್‌ಬಾಲ್‌ನ ಕೋಚ್ ಆಗಬೇಕೆಂದು ಹೊರಟವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ಟಿವಿಯಲ್ಲಿ ಕಾಣುವ ದೊಡ್ಡ ವಿಶ್ವವಿದ್ಯಾಲಯಗಳಾಚೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಮೂರನೇ ಹಂತ, ಅಂದರೆ ಡಿವಿಷನ್ 3 ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಕಾಲೇಜು ತಂಡಗಳು ಆಡುತ್ತವೆ, ಮತ್ತು ಅಲ್ಲಿ ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಲ್ಲಿನ ಕೋಚ್‌ನ ದಿನಚರಿಯನ್ನೂ ಭವಿಷ್ಯವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಇದೇ ನಿಯಮ. ಆದ್ದರಿಂದ ಆಟದ ತಂತ್ರವನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಹುಡುಗರನ್ನು ಕಾಲೇಜಿಗೆ ಕರೆತರುವ ಕೆಲಸವನ್ನೂ ಕಲಿಯಬೇಕಾಗುತ್ತದೆ.

ಪ್ರವೇಶಕ್ಕೆ ಸಾಮಾನ್ಯ ಬಾಗಿಲು ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಸ್ನಾತಕೋತ್ತರ ಓದಿನ ಶುಲ್ಕದಲ್ಲಿ ರಿಯಾಯಿತಿ, ಜೊತೆಗೆ ಕೈಖರ್ಚಿಗಾಗುವಷ್ಟು ಹಣ ಸಿಗಬಹುದು; ಕೆಲಸಕ್ಕೆ ಮಾತ್ರ ಮಿತಿಯಿರುವುದಿಲ್ಲ. ಶನಿವಾರದ ಪಂದ್ಯ ಮುಗಿದೊಡನೆ ಮುಂದಿನ ಎದುರಾಳಿಯ ವಿಡಿಯೊ ಬರುತ್ತದೆ. ಒಂದೊಂದು ಕ್ಲಿಪ್‌ಗೂ ‘ಮೂರನೇ ಡೌನ್, ಏಳು ಗಜ ಬಾಕಿ, ಚೆಂಡು ಎಡ ಹ್ಯಾಷ್‌ನಲ್ಲಿ, ಟೈಟ್ ಎಂಡ್ ಬಲಕ್ಕೆ’ ಎಂದು, ಅಂದರೆ ಎಷ್ಟನೇ ಯತ್ನ, ಎಷ್ಟು ದೂರ ಬಾಕಿ, ಚೆಂಡು ಮೈದಾನದ ಯಾವ ಗುರುತಿನ ಬಳಿ, ಯಾವ ಆಟಗಾರ ಯಾವ ಬದಿಗೆ ಎಂದು ಗುರುತು ಹಾಕುತ್ತ ಭಾನುವಾರ ಕಳೆಯುತ್ತದೆ. ಬೇಸರದ ಕೆಲಸವೆನಿಸಿದರೂ ಇದನ್ನು ಬೇರೆಯವರಿಗೆ ದಾಟಿಸಬೇಡಿ. ಅಂಥ ಸಂದರ್ಭದಲ್ಲಿ ಎದುರಾಳಿ ಏನು ಮಾಡುತ್ತಾನೆಂದು ಸೋಮವಾರದ ಸಭೆಯಲ್ಲಿ ಕೋಆರ್ಡಿನೇಟರ್ (ದಾಳಿಯ ಅಥವಾ ರಕ್ಷಣೆಯ ಹೊಣೆ ಹೊತ್ತ ಕೋಚ್) ಕೇಳಿದಾಗ ಹಾಳೆ ನೋಡದೆ ಉತ್ತರಿಸಬಲ್ಲವನನ್ನೇ ಮುಂದಿನ ವರ್ಷ ಮೈದಾನದ ಒಂದು ಸ್ಥಾನದ ಆಟಗಾರರಿಗೆ ಕೋಚ್ ಆಗಿ ನೆನೆಯುತ್ತಾರೆ.

ನಿಜವಾದ ಪರೀಕ್ಷೆ ಆಟಗಾರರನ್ನು ಹುಡುಕುವುದರಲ್ಲಿದೆ. ಹೈಸ್ಕೂಲು ಪಂದ್ಯಗಳು ಹೆಚ್ಚಾಗಿ ಶುಕ್ರವಾರ ರಾತ್ರಿ ನಡೆಯುವುದರಿಂದ, ಮರುದಿನ ತನ್ನದೇ ಪಂದ್ಯವಿದ್ದರೂ ಸಹಾಯಕ ಕೋಚ್ ಕಾರಿನಲ್ಲಿ ದೂರದ ಮೈದಾನಕ್ಕೆ ಹೋಗಬೇಕಾಗಬಹುದು. ಋತು ಮುಗಿದ ಮೇಲೆ ಪಾಲಕರೆದುರು ಕೂತಾಗ ಮಾತು ಫುಟ್‌ಬಾಲ್‌ನಿಂದ ಬೇಗನೆ ಶುಲ್ಕಕ್ಕೆ ಹೊರಳುತ್ತದೆ. ಅಂಕಗಳ ಆಧಾರದ ನೆರವು ಎಷ್ಟು, ಕುಟುಂಬದ ಆದಾಯವನ್ನು ನೋಡಿ ಕೊಡುವುದು ಎಷ್ಟು, ಸಾಲವಾಗಿ ಉಳಿಯುವುದು ಎಷ್ಟು ಎಂದು ನೆರವಿನ ಪತ್ರವನ್ನು ಸಾಲುಸಾಲಾಗಿ ಬಿಡಿಸಿ ಹೇಳಲು ಬರದ ಕೋಚ್ ಅಲ್ಲಿಯೇ ಸೋಲುತ್ತಾನೆ. ಶುಲ್ಕವನ್ನೇ ನಂಬಿ ನಡೆಯುವ ಎಷ್ಟೋ ಖಾಸಗಿ ಕಾಲೇಜುಗಳಿಗೆ ನೂರು ಹುಡುಗರ ತಂಡವೆಂದರೆ ನೂರು ದಾಖಲಾತಿ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಲೆಕ್ಕ ಇಡುವವರು ಬಹಳ.

ಪಾಠ ಹೇಳುವ ರೀತಿಗೆ ಒಂದೇ ಅಚ್ಚಿಲ್ಲ. ಮಿನ್ನೆಸೋಟದ ಸೇಂಟ್ ಜಾನ್ಸ್‌ನಲ್ಲಿ 1953ರಿಂದ 2012ರವರೆಗೆ ಕೋಚ್ ಆಗಿದ್ದ ಜಾನ್ ಗಾಲಿಯಾರ್ಡಿ ಅಭ್ಯಾಸದಲ್ಲಿ ಟ್ಯಾಕಲ್ (ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು) ಮಾಡಿಸುತ್ತಿರಲಿಲ್ಲ, ಸೀಟಿ ಊದುತ್ತಿರಲಿಲ್ಲ, ತನ್ನನ್ನು ‘ಕೋಚ್’ ಎನ್ನದೆ ‘ಜಾನ್’ ಎಂದೇ ಕರೆಯಿರಿ ಎನ್ನುತ್ತಿದ್ದರು. ಹೀಗಿದ್ದೂ ವೃತ್ತಿಜೀವನದ ಒಟ್ಟು 489 ಗೆಲುವುಗಳೊಂದಿಗೆ ಕಾಲೇಜು ಫುಟ್‌ಬಾಲ್‌ನ ದಾಖಲೆ ಅವರದಾಯಿತು. ಅವರನ್ನು ಕುರುಡಾಗಿ ಅನುಕರಿಸಿದರೆ ಅವರಂತಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಉಳಿಯಬೇಕೇ, ಮೇಲೇರಬೇಕೇ ಎಂಬ ಪ್ರಶ್ನೆ ಬೇಗನೆ ಎದುರಾಗುತ್ತದೆ. ಓಹಾಯೊದ ಮೌಂಟ್ ಯೂನಿಯನ್‌ನಲ್ಲೇ ಉಳಿದ ಲ್ಯಾರಿ ಕೆಹ್ರೆಸ್ 1986ರಿಂದ 2012ರವರೆಗೆ ಡಿವಿಷನ್ 3ರ 11 ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರು. ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ ಎಂಟು ಋತುಗಳಲ್ಲಿ ಅಂಥದೇ ಆರು ಪಟ್ಟ ಗಳಿಸಿದ ಲ್ಯಾನ್ಸ್ ಲೈಪೋಲ್ಡ್ ಮೇಲಿನ ಹಂತವಾದ ಡಿವಿಷನ್ 1ರ ಬಫಲೋ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2021ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಇಂಥವರು ವಿರಳ, ಸಾಮಾನ್ಯವಾಗಿ ಹೆಡ್ ಕೋಚ್ ಬದಲಾದಾಗ ಸಹಾಯಕರೂ ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಆದ್ದರಿಂದ ಜನವರಿಯಲ್ಲಿ ನಡೆಯುವ ಕೋಚ್‌ಗಳ ಸಂಘದ ಸಮಾವೇಶಕ್ಕೆ ಕೆಲಸವಿರುವಾಗಲೇ ಹೋಗಿ ಪರಿಚಯ ಬೆಳೆಸಿಕೊಳ್ಳುವುದು ಜಾಣತನ.

ಹೆಡ್ ಕೋಚ್ ಹುದ್ದೆಯ ಸಂದರ್ಶನಕ್ಕೆ ಹೋದಾಗ ಸಂಬಳಕ್ಕಿಂತ ಮೊದಲು ಮೂರು ವಿಷಯ ಕೇಳಿ: ಪೂರ್ಣಾವಧಿ ಸಹಾಯಕರು ಎಷ್ಟು ಮಂದಿ, ಪ್ರತಿ ವರ್ಷ ಎಷ್ಟು ಹೊಸ ಹುಡುಗರನ್ನು ತರಬೇಕೆಂಬ ನಿರೀಕ್ಷೆಯಿದೆ, ಮತ್ತು ಹಿಂದಿನ ಕೋಚ್ ಕರೆತಂದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಉಳಿದರು.